ಐದನೇ ನಂಬರ್ ಕ್ಲಿಪ್

ಭಾನುವಾರ ಮಧ್ಯಾಹ್ನ 12 ಗಂಟೆ 10 ನಿಮಿಷಕ್ಕೆ ನರ್ಸರಿಯ ಒಡತಿ ದೂರು ಕೊಡಲು ಠಾಣೆಗೆ ಬಂದರು. ಎಡಗೈಗೆ ಆರು ಹೊಲಿಗೆ, ಮೊಣಕೈವರೆಗೆ ಬ್ಯಾಂಡೇಜು, ಕೂದಲಲ್ಲಿ ಇನ್ನೂ ಗಾಜಿನ ಪುಡಿ. ಸಮಯ ಬರೆದುಕೊಳ್ಳಲು ಹೆಡ್ ಕಾನ್‌ಸ್ಟೇಬಲ್ ಅಭ್ಯಾಸಬಲದಿಂದ ಗೋಡೆಯತ್ತ ಕತ್ತೆತ್ತಿದರು. ಅಲ್ಲಿ ಬರೀ ಮೊಳೆ. ಠಾಣೆಯ ಗಡಿಯಾರ ರಿಪೇರಿಗೆ ಹೋಗಿ ತಿಂಗಳಾಗಿತ್ತು. ಅದನ್ನು ತರುವ ಹೊಣೆ ಅವರದ್ದು, ನಾಳೆ ತಂದರಾಯಿತು ಎಂದು ಮುಂದೂಡುವ ಚಟವೂ ಅವರದ್ದೇ. ಮೊಬೈಲ್ ತೆಗೆದು ನೋಡಿ ಬರೆದರು.

ದೂರು ಇಷ್ಟು. ಬೆಳಿಗ್ಗೆ 10 ಗಂಟೆ 42 ನಿಮಿಷದ ಸುಮಾರಿಗೆ ಆಕೆ ಗಾಜಿನ ಮನೆಯೊಳಗೆ ಸಸಿಗಳಿಗೆ ನೀರು ಹಾಕುತ್ತಿದ್ದಾಗ ಪಕ್ಕದ ಮೈದಾನದಿಂದ ಒಂದು ಡ್ರೋನ್ ಬೇಲಿ ದಾಟಿ ಬಂದು ಚಾವಣಿ ಒಡೆದುಕೊಂಡು ಒಳಗೆ ಬಿದ್ದಿತು. ಹಾರಿಸುತ್ತಿದ್ದವಳು ಶಾಲಾ ಬಸ್ಸಿನ ಚಾಲಕಿ.

“ಕೈ ಅಡ್ಡ ಹಿಡೀದೇ ಇದ್ದಿದ್ರೆ ಗಾಜು ಕಣ್ಣಿಗೇ ಬೀಳ್ತಿತ್ತು ಮೇಡಂ” ಎಂದು ನರ್ಸರಿಯವರು ಇನ್‌ಸ್ಪೆಕ್ಟರಿಗೆ ಹೇಳಿದರು. “ಅವಳೇ ಓಡಿಬಂದು ಆಸ್ಪತ್ರೆಗೆ ಕರ್ಕೊಂಡ್ಹೋದ್ಲು, ಇಲ್ಲ ಅನ್ನಲ್ಲ. ಆದ್ರೂ ಕೇಸ್ ಹಾಕಿ.”

ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿದರು. ಅಜಾಗರೂಕತೆಯಿಂದ ಗಾಯಪಡಿಸಿದ ಆರೋಪ. ಆರೋಪಿ ಬಸ್ ಚಾಲಕಿ. ಈ ಇನ್‌ಸ್ಪೆಕ್ಟರ್ ಮೇಡಂ ಮಿತಭಾಷಿ. ಒಂದು ಪ್ರಶ್ನೆ ಕೇಳಿ ಸುಮ್ಮನೆ ಕೂರುವುದು ಅವರ ಪದ್ಧತಿ. ಆ ಮೌನವನ್ನು ತಡೆಯಲಾಗದೆ ಎಷ್ಟೋ ಜನ ಕೇಳದ್ದನ್ನೂ ಹೇಳಿಬಿಟ್ಟಿದ್ದಾರೆ.

ಮಧ್ಯಾಹ್ನ 1 ಗಂಟೆಗೆ ಇನ್‌ಸ್ಪೆಕ್ಟರ್, ಹೆಡ್ ಕಾನ್‌ಸ್ಟೇಬಲ್ ಇಬ್ಬರೂ ಸ್ಥಳಕ್ಕೆ ಹೋದರು. ಹಳೆಯ ಫುಟ್‌ಬಾಲ್ ಮೈದಾನ. ಅದನ್ನು ಬಳಸಲು ನಗರಸಭೆ ವರ್ಷಕ್ಕೊಮ್ಮೆ ಡ್ರೋನ್ ಕ್ಲಬ್ಬಿಗೆ ಅನುಮತಿ ಬರೆದುಕೊಡುತ್ತದೆ. ಆರೋಪಿ ಬಸ್ಸಕ್ಕ ಬೆಂಚಿನ ಮೇಲೆ ಕೂತಿದ್ದರು. ನಲವತ್ತು ದಾಟಿದ ಗಟ್ಟಿ ಹೆಂಗಸು. ಬಸ್ಸಿನ ಮಕ್ಕಳು ಇಟ್ಟ ಹೆಸರೇ ಊರಿಗೆಲ್ಲ ಹಬ್ಬಿತ್ತು. ಹನ್ನೊಂದು ವರ್ಷದಲ್ಲಿ ಬಸ್ಸಿಗೆ ಒಂದು ಗೀರು ಬಿದ್ದಿಲ್ಲ ಎಂದು ಹೆಡ್ ಕಾನ್‌ಸ್ಟೇಬಲ್ಲೇ ದಾರಿಯಲ್ಲಿ ಹೇಳಿದ್ದರು. ಬಸ್ಸಕ್ಕನ ಕಾಲರಿಗೆ ಬಟ್ಟೆ ಒಣಗಿಸುವ ಒಂದು ಕ್ಲಿಪ್ ಸಿಕ್ಕಿಸಿತ್ತು. ಅದರ ಮೇಲೆ 5 ಎಂದು ಬರೆದಿತ್ತು.

“ಇದೇನು?” ಇನ್‌ಸ್ಪೆಕ್ಟರ್ ಕೇಳಿದರು.

ಬಸ್ಸಕ್ಕ ಗೇಟಿನ ಬಳಿಯ ಹಲಗೆ ತೋರಿಸಿದರು. ಅದರ ಮೇಲೆ ಒಂದರಿಂದ ಎಂಟರವರೆಗೆ ಕ್ಲಿಪ್‌ಗಳು, ಐದರ ಜಾಗ ಮಾತ್ರ ಖಾಲಿ. ಡ್ರೋನಿನ ಕ್ಯಾಮೆರಾ ಕಂಡದ್ದು ರೇಡಿಯೊ ಮೂಲಕ ಹಾರಿಸುವವರ ಗಾಗಲ್ಸಿಗೆ ಬರುತ್ತದೆ. ಹಾಗೆ ಬರಲು ಎಂಟು ಚಾನೆಲ್. ಒಂದೇ ಚಾನೆಲ್ಲಿನಲ್ಲಿ ಇಬ್ಬರು ಸ್ವಿಚ್ ಹಾಕಿದರೆ ಜೋರಿರುವವನ ಚಿತ್ರ ಇನ್ನೊಬ್ಬನದನ್ನು ನುಂಗಿಬಿಡುತ್ತದೆ. ಅದಕ್ಕೇ ಕ್ಲಿಪ್. ಐದನೇ ಕ್ಲಿಪ್ ಕಾಲರಿನಲ್ಲಿದ್ದರೆ ಮಾತ್ರ ಐದನೇ ಚಾನೆಲ್ಲಿನಲ್ಲಿ ಸ್ವಿಚ್ ಹಾಕಬಹುದು. ಹಲಗೆಯ ಕೆಳಗೆ ಹನ್ನೆರಡು ನಿಯಮಗಳು ಅಂದವಾದ ಅಕ್ಷರದಲ್ಲಿದ್ದವು: ಜನರ ತಲೆಯ ಮೇಲೆ ಹಾರಿಸಕೂಡದು, ನೋಂದಣಿ ನಂಬರ್ ಇರಬೇಕು, ಗಾಗಲ್ಸ್ ಹಾಕಿದವರ ಪಕ್ಕದಲ್ಲಿ ಆಕಾಶ ನೋಡುವ ಒಬ್ಬರು ನಿಂತಿರಬೇಕು, ಚಿತ್ರ ಕಳಿಸುವ ಟ್ರಾನ್ಸ್‌ಮಿಟರಿನ ಶಕ್ತಿ ಮಿತಿ ಮೀರಕೂಡದು. ಹನ್ನೊಂದನೆಯದು, ಕೈ ಸ್ಥಿರವಿಲ್ಲದವರು ಜೋಡಿ ರಿಮೋಟ್ ಇಲ್ಲದೆ ಹಾರಿಸಕೂಡದು. ಕಲಿಯುವವರ ರಿಮೋಟಿಗೆ ಕೇಬಲ್‌ನಿಂದ ಇನ್ನೊಂದು ರಿಮೋಟ್ ಸೇರಿಸಿರುತ್ತಾರೆ. ಒಬ್ಬರ ಕೈ ತಪ್ಪಿದರೆ ಪಕ್ಕದವರು ಹಿಡಿದುಕೊಳ್ಳುತ್ತಾರೆ. ತಾನು ಕಲಿತದ್ದೂ ಹಾಗೇ, ನಾಲ್ಕು ವರ್ಷದ ಹಿಂದೆ, ಕ್ಲಬ್ಬಿನ ಹಿರಿಯ ಕ್ಲಿಪ್ ಮೇಷ್ಟ್ರ ಕೈಕೆಳಗೆ ಎಂದರು ಬಸ್ಸಕ್ಕ.

“ನಮ್ಮ ಇಲಾಖೆಯಲ್ಲೂ ಇಷ್ಟು ಶಿಸ್ತಿಲ್ಲ” ಎಂದು ಹೆಡ್ ಕಾನ್‌ಸ್ಟೇಬಲ್ ಗೊಣಗಿದರು. ಮೇಡಂ ತಿರುಗಿ ನೋಡಿದ್ದರಿಂದ ಪಂಚನಾಮೆಯ ಕಾಗದದಲ್ಲಿ ತಲೆ ಹುದುಗಿಸಿದರು.

ನಿಯಮಗಳ ಲೆಕ್ಕದಲ್ಲಿ ಬಸ್ಸಕ್ಕನದು ಎಳ್ಳಷ್ಟೂ ತಪ್ಪಿರಲಿಲ್ಲ. ಡ್ರೋನಿಗೆ ನಂಬರ್ ಇತ್ತು, ಹಾರಿದ ಎತ್ತರ ಮಿತಿಯೊಳಗಿತ್ತು, ಆಕಾಶ ನೋಡಲು ಪಕ್ಕದಲ್ಲಿ ಬೇಕರಿಯವನು ನಿಂತಿದ್ದ. ಆದರೂ ಡ್ರೋನ್ ಬೇಲಿ ದಾಟಿದ್ದು ನಿಜ.

“ಏನಾಯ್ತು?”

“ಬೇಲಿ ಹತ್ರ ತಿರುಗಿಸ್ತಾ ಇದ್ದೆ. ಗಾಗಲ್ಸಲ್ಲಿ ಚಿತ್ರ ಹೋಯ್ತು. ಕಣ್ಣು ಕಟ್ಟಿ ಸ್ಟೇರಿಂಗ್ ಕೊಟ್ಟ ಹಾಗಾಯ್ತು ಮೇಡಂ. ಮೋಟರ್ ನಿಲ್ಲಿಸ್ದೆ. ಅಷ್ಟರಲ್ಲಿ ವೇಗದಲ್ಲೇ ಹೋಗಿ ಹೊಡೀತು.”

“ಬೇರೆ ಯಾರಾದ್ರೂ ಐದರಲ್ಲಿ ಇದ್ರಾ?”

“ಕ್ಲಿಪ್ ನನ್ನ ಹತ್ರ ಇತ್ತಲ್ಲ. ಹೇಗಿರ್ತಾರೆ?”

ಗಾಗಲ್ಸ್ ಕಂಡದ್ದನ್ನೆಲ್ಲ ಒಂದು ಕಾರ್ಡಿನಲ್ಲಿ ದಾಖಲಿಸುತ್ತದೆ ಎಂದು ಬಸ್ಸಕ್ಕ ತಾವಾಗಿಯೇ ಹೇಳಿದರು. ಡ್ರೋನ್, ಗಾಗಲ್ಸ್, ಕಾರ್ಡು, ಕ್ಲಿಪ್ ಎಲ್ಲವನ್ನೂ ಪಂಚರ ಸಮಕ್ಷಮ ವಶಪಡಿಸಿಕೊಂಡು ಮೊಹರು ಹಾಕಲಾಯಿತು.

ಸೋಮವಾರ ಬೆಳಿಗ್ಗೆ 10 ಗಂಟೆಗೆ ಬಸ್ಸಕ್ಕ ಒಂದು ಪತ್ರ ಹಿಡಿದು ಬಂದರು. ಶಾಲೆಯದು. ನಿರ್ಲಕ್ಷ್ಯದ ಕೇಸ್ ಇರುವವರ ಕೈಗೆ ಮಕ್ಕಳ ಬಸ್ಸು ಕೊಡುವಂತಿಲ್ಲ. ಶುಕ್ರವಾರ ಮಧ್ಯಾಹ್ನದೊಳಗೆ ಪೊಲೀಸರಿಂದ ಅವರ ತಪ್ಪಿಲ್ಲವೆಂದು ಬರಹ ಬರದಿದ್ದರೆ ಬೇರೆ ಚಾಲಕರನ್ನು ನೇಮಿಸಲಾಗುವುದು. ಬಸ್ಸಕ್ಕ ಅಳಲಿಲ್ಲ. ಬಸ್ಸಿನ ಕೀಲಿಕೈಯನ್ನು ಆಗಲೇ ಹಿಂದಿರುಗಿಸಿದೆ ಎಂದು ಪತ್ರವನ್ನು ಮೇಜಿನ ಮೇಲಿಟ್ಟರು.

11 ಗಂಟೆ 30ಕ್ಕೆ ಕ್ಲಿಪ್ ಮೇಷ್ಟ್ರು ಹೇಳಿಕೆ ಕೊಡಲು ಬಂದರು. ಕ್ಲಬ್ಬಿನ ಕಾರ್ಯದರ್ಶಿ. ಮಾಡುವುದು ಗಡಿಯಾರ ರಿಪೇರಿ. ಮೇಷ್ಟ್ರೆಂಬುದು ಸಿಕ್ಕವರಿಗೆಲ್ಲ ನಿಯಮದ ಪಾಠ ಹೇಳಿ ಗಳಿಸಿದ ಬಿರುದು. ಹನ್ನೆರಡು ನಿಯಮಗಳೂ ಅವರ ಬರಹವೇ. ಬರುತ್ತಲೇ ಹೆಡ್ ಕಾನ್‌ಸ್ಟೇಬಲ್ಲಿಗೆ, ನಿಮ್ಮ ಗಡಿಯಾರ ರೆಡಿಯಾಗಿ ಮೂರು ವಾರವಾಯಿತು, ಒಯ್ಯಬಾರದೇ ಎಂದು ಚುಚ್ಚಿದರು.

ಅಪಘಾತದ ದಿನ ತಾವು ಮೈದಾನಕ್ಕೆ ಹೋಗಿರಲಿಲ್ಲ, ಅಂಗಡಿಯಲ್ಲಿ ಕೆಲಸವಿತ್ತು ಎಂದರು. ಬೇಲಿಯ ಬಳಿ ನೀರಿನ ಟ್ಯಾಂಕ್ ಅಡ್ಡ ಬಂದರೆ ಸಿಗ್ನಲ್ ಹೋಗುವುದುಂಟು, ಬಸ್ಸಕ್ಕ ಎಚ್ಚರ ತಪ್ಪಿರಬೇಕು, ಚಿಕ್ಕ ದಂಡ ಹಾಕಿ ಬಿಟ್ಟುಬಿಡಿ ಎಂದೂ ಹೇಳಿದರು. ಬಲಗೈ ಜೇಬಿನಲ್ಲೇ ಇತ್ತು.

“ಆ ಕಾರ್ಡ್ ಕೊಟ್ರೆ ನಾನೇ ನೋಡಿ ಹೇಳ್ತೀನಿ. ನಿಮಗ್ಯಾಕೆ ತೊಂದರೆ” ಎಂದರು ಹೊರಡುವಾಗ.

“ಮೊಹರು ಹಾಕಿದೆ” ಎಂದರು ಇನ್‌ಸ್ಪೆಕ್ಟರ್, ಅಷ್ಟೇ.

ಮಂಗಳವಾರ 3 ಗಂಟೆಗೆ ಪಂಚರ ಮುಂದೆ ಮೊಹರು ಒಡೆದು ಕಾರ್ಡನ್ನು ಠಾಣೆಯ ಕಂಪ್ಯೂಟರಿಗೆ ಹಾಕಿದರು. ಹುಲ್ಲು, ಗೋಲಿನ ಕಂಬ, ಬೇಲಿ. ಆಮೇಲೆ ಗೆರೆಗಳು. ಆಮೇಲೆ ಬೇರೆಯದೇ ಒಂದು ಚಿತ್ರ. ಅದರಲ್ಲಿ ಆಕಾಶವಿರಲಿಲ್ಲ, ಹುಲ್ಲಿರಲಿಲ್ಲ. ಯಾವುದೋ ಕೋಣೆ, ಒಂದು ಮೇಜಿನ ಅಂಚು, ಸಾಲಾಗಿ ಬಿಳಿಯ ದುಂಡನೆಯ ವಸ್ತುಗಳು. ನಾಲ್ಕು ಸೆಕೆಂಡಿನ ನಂತರ ಅದು ಮಾಯವಾಯಿತು; ಉಳಿದದ್ದು ಒಡೆದ ಗಾಜು, ಮಗುಚಿದ ಕುಂಡಗಳು.

“ತಟ್ಟೆಗಳಾ ಮೇಡಂ?” ಎಂದ ಒಬ್ಬ ಪಂಚ.

ಇನ್‌ಸ್ಪೆಕ್ಟರ್ ಚಿತ್ರವನ್ನು ಅಲ್ಲೇ ನಿಲ್ಲಿಸಿದರು. ಮೇಜು ಮೇಲಿದೆ, ಸೂರು ಕೆಳಗಿದೆ; ಚಿತ್ರ ತಲೆಕೆಳಗಾಗಿದೆ, ತಿರುಗಿಸಿ ಎಂದರು. ಅದು ಹೇಗೆಂದು ಹೆಡ್ ಕಾನ್‌ಸ್ಟೇಬಲ್ಲಿಗೆ ತಿಪ್ಪರಲಾಗ ಹಾಕಿದರೂ ಗೊತ್ತಾಗಲಿಲ್ಲ. ಕೊನೆಗೆ ಮಾನಿಟರನ್ನೇ ಎತ್ತಿ ಬುಡಮೇಲು ಮಾಡಿ ಎದೆಗೆ ಆನಿಸಿಕೊಂಡು ನಿಂತರು.

ತಟ್ಟೆಗಳಲ್ಲ, ಗೋಡೆ ಗಡಿಯಾರಗಳು. ಆರು ಗಡಿಯಾರಗಳಲ್ಲಿ ಆರು ಬೇರೆ ಬೇರೆ ಸಮಯ. ನಾಲ್ಕನೆಯದರ ಗಾಜಿಗೆ ಅಡ್ಡ ಬಿರುಕು, ಕೆಳಗೆ ಕೆಂಪು ಬಣ್ಣದಲ್ಲಿ 7.

ಮಾನಿಟರಿನ ಮೇಲಿನಿಂದ ಬಗ್ಗಿ ನೋಡಿದ ಹೆಡ್ ಕಾನ್‌ಸ್ಟೇಬಲ್ ಬೆಪ್ಪಾದರು. ಆ ಬಿರುಕು ಅವರಿಗೆ ಚೆನ್ನಾಗಿ ಗೊತ್ತು. ಹೋದ ವರ್ಷ ಒಬ್ಬ ಕುಡುಕ ಅವರ ತಲೆಗೆ ಗುರಿಯಿಟ್ಟು ಎಸೆದ ಚಪ್ಪಲಿ ಗುರಿ ತಪ್ಪಿ ಮಾಡಿದ ಬಿರುಕು ಅದು. ಕೆಂಪು 7 ಠಾಣೆಯ ಸಾಮಾನು ಪಟ್ಟಿಯ ನಂಬರ್, ಬರೆದವರು ಅವರೇ.

“ಮೇಡಂ” ಎಂದರು ಮೆಲ್ಲಗೆ, ಗೋಡೆಯ ಮೊಳೆ ನೋಡುತ್ತಾ. “ಇದು ನಮ್ಮ ಗಡಿಯಾರ.”

ಇನ್‌ಸ್ಪೆಕ್ಟರ್ ಅಪರೂಪಕ್ಕೆ ನಕ್ಕರು. ಹೊತ್ತಿಗೆ ಸರಿಯಾಗಿ ಅದನ್ನು ತಂದಿದ್ದರೆ ಕೇಸಿಗೆ ಸಾಕ್ಷಿಯೇ ಇರುತ್ತಿರಲಿಲ್ಲ ಎಂದರು. ಮೂವತ್ತೆರಡು ವರ್ಷದ ಸೇವೆಯಲ್ಲಿ ಸೋಮಾರಿತನಕ್ಕೆ ಸಿಕ್ಕ ಮೊದಲ ಶಹಭಾಸ್‌ಗಿರಿ ಅದು. ಹೆಡ್ ಕಾನ್‌ಸ್ಟೇಬಲ್ ಹಿಗ್ಗಿದರು.

ಬುಧವಾರ ಬೆಳಿಗ್ಗೆ 9 ಗಂಟೆಗೆ ಅಂಗಡಿ ಶೋಧಿಸಿದರು. ಬಾಗಿಲಲ್ಲಿ ‘ಕೈಗಡಿಯಾರ ರಿಪೇರಿ ಇಲ್ಲ’ ಎಂಬ ಬೋರ್ಡು, ಹೊಸದು. ಹಿಂದಿನ ಕಿಟಕಿಯಿಂದ ಮುನ್ನೂರು ಮೀಟರ್ ದೂರದಲ್ಲಿ ಮೈದಾನ ಕಾಣುತ್ತಿತ್ತು. ಮೇಜಿನ ಕೆಳಗಿನ ಪೆಟ್ಟಿಗೆಯಲ್ಲಿ ಬಿಚ್ಚಿಟ್ಟ ಡ್ರೋನ್ ಸಿಕ್ಕಿತು. ವೈರ್‌ಲೆಸ್ ವಿಭಾಗದ ಎಂಜಿನಿಯರ್ ಅಳೆದು ನೋಡಿ, ಟ್ರಾನ್ಸ್‌ಮಿಟರಿನ ಶಕ್ತಿ ಮಿತಿಗಿಂತ ಮೂವತ್ತು ಪಟ್ಟು ಇದೆ ಎಂದು ಹುಬ್ಬೇರಿಸಿದರು. ಆಮೇಲೆ ಪರೀಕ್ಷೆ. ಹೆಡ್ ಕಾನ್‌ಸ್ಟೇಬಲ್ ಮೈದಾನದ ನಡುವೆ ಗಾಗಲ್ಸ್ ಹಾಕಿಕೊಂಡು ನಿಂತರು. ಇತ್ತ ಅಂಗಡಿಯಲ್ಲಿ ಡ್ರೋನನ್ನು ಮತ್ತೆ ಜೋಡಿಸಿ ಅಂಗಾತ ಮಲಗಿಸಿ ಐದನೇ ಚಾನೆಲ್ಲಿನಲ್ಲಿ ಸ್ವಿಚ್ ಹಾಕಿದರು. ಫೋನಿನಲ್ಲಿ ವರದಿ ಬಂತು: ಮೇಡಂ, ನೀವು ತಲೆಕೆಳಗಾಗಿ ಕಾಣ್ತಿದ್ದೀರಿ.

ಗುರುವಾರ 3 ಗಂಟೆಗೆ ಕ್ಲಿಪ್ ಮೇಷ್ಟ್ರನ್ನು ಕರೆಸಿದರು. ಮೇಜಿನ ಮೇಲೆ ಎರಡೇ ವಸ್ತುಗಳು: ಆ ಚಿತ್ರದ ಪ್ರಿಂಟು ಮತ್ತು ಐದನೇ ನಂಬರ್ ಕ್ಲಿಪ್.

“ಭಾನುವಾರ ಸ್ವಿಚ್ ಹಾಕಿದ್ರಾ?”

“ಅಂಗಡಿ ಒಳಗೆ. ಮೇಜಿನ ಮೇಲೆ.”

“ಕ್ಲಿಪ್ ತಗೊಂಡಿದ್ರಾ?”

ಮೇಷ್ಟ್ರ ಮುಖ ಸಪ್ಪಗಾಯಿತು. ಕಾನೂನಿನ ಯಾವ ಕಲಮು ಹೇಳಿದ್ದರೂ ಅವರು ವಾದಿಸುತ್ತಿದ್ದರು. ಈ ಪ್ರಶ್ನೆಗೆ ವಾದವಿರಲಿಲ್ಲ.

“ಇಲ್ಲ. ಎಲ್ಲಿ ಸ್ವಿಚ್ ಹಾಕಿದ್ರೂ ತಗೋಬೇಕು. ನಾನೇ ಬರೆದಿದ್ದು.”

ಇನ್‌ಸ್ಪೆಕ್ಟರ್ ಸುಮ್ಮನೆ ಕೂತರು. ಮೇಷ್ಟ್ರು ಬಾಯಿ ಬಿಟ್ಟರು. ಐದು ಮೊದಲಿನಿಂದ ಅವರದೇ ಚಾನೆಲ್. ಹಾರಿಸುವುದನ್ನು ನಿಲ್ಲಿಸಿದಾಗ ಬಸ್ಸಕ್ಕನಿಗೆ ಬಿಟ್ಟುಕೊಟ್ಟಿದ್ದರು. ಭಾನುವಾರ ಪರೀಕ್ಷೆಗೆಂದು ಹಳೆಯ ಅಭ್ಯಾಸದಲ್ಲಿ ಅದನ್ನೇ ಹಾಕಿದರು. ಮೈದಾನದ ಕಡೆಯಿಂದ ಕೂಗು ಕೇಳಿ ಬ್ಯಾಟರಿ ಕಿತ್ತರು.

“ನನ್ನ ಚಿತ್ರ ಹೋಯ್ತು. ಗಾಗಲ್ಸಲ್ಲಿ ಅವಳ ಡ್ರೋನಿನ ಚಿತ್ರ ಬಂತು. ಗಾಜು. ಕುಂಡಗಳು. ಒಂದು ಕೈ, ರಕ್ತ. ಆ ಕ್ಷಣಾನೇ ಗೊತ್ತಾಯ್ತು.”

“ಮತ್ತೆ ತಪ್ಪನ್ನ ಬಸ್ಸಕ್ಕನ ಮೇಲೆ ಯಾಕೆ ಹಾಕಿದ್ರಿ?”

ಮುಂದಿನ ತಿಂಗಳು ಮೈದಾನದ ಅನುಮತಿ ಮುಗಿಯುತ್ತದೆ. ಕಾರ್ಯದರ್ಶಿಯೇ ನಿಯಮ ಮುರಿದನೆಂದರೆ ಕ್ಲಬ್ಬಿಗೆ ಬೀಗ ಗ್ಯಾರಂಟಿ. ಹಾರಿಸಿದವರ ಕೈತಪ್ಪು ಎಂದರೆ ದಂಡದಲ್ಲಿ ಮುಗಿಯುತ್ತದೆ ಎಂದುಕೊಂಡಿದ್ದರು. ಇನ್‌ಸ್ಪೆಕ್ಟರ್ ಶಾಲೆಯ ಪತ್ರವನ್ನು ಅವರ ಮುಂದೆ ಸರಿಸಿದರು. ಮೇಷ್ಟ್ರು ಅದನ್ನು ಎರಡು ಸಲ ಓದಿದರು. ನನಗಿದು ಗೊತ್ತಿರಲಿಲ್ಲ ಎಂದರು. ನಂಬುವ ಹಾಗೇ ಇತ್ತು, ಆದರೆ ಅದರಿಂದ ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ.

ಹೇಳಿಕೆಗೆ ಸಹಿ ಮಾಡಲು ಬಲಗೈ ಜೇಬಿನಿಂದ ಹೊರಬಂತು. ಹಲಗೆಯ ಮೇಲೆ ಅಷ್ಟು ಅಂದವಾಗಿ ಬರೆದಿದ್ದ ಆ ಕೈ ಪೆನ್ನು ಹಿಡಿಯಲಾಗದೆ ಗಡಗಡ ನಡುಗಿತು. ಸಹಿ ಗೀಚಿದಂತಾಯಿತು.

“ಎಷ್ಟು ದಿನದಿಂದ?”

“ಎಂಟು ತಿಂಗಳು. ಕೈಗಡಿಯಾರದ ಸ್ಕ್ರೂ ಹಿಡಿಯಕ್ಕಾಗಲ್ಲ. ಹನ್ನೊಂದನೇ ನಿಯಮದ ಪ್ರಕಾರ ಜೋಡಿ ರಿಮೋಟ್ ಇಲ್ದೆ ಹಾರಿಸೋ ಹಾಗಿಲ್ಲ. ಮೂವತ್ತು ಜನಕ್ಕೆ ಕಲಿಸಿದವನು ನಾನು. ಪಕ್ಕದಲ್ಲಿ ನಿಂತ್ಕೊಳ್ರಪ್ಪ ಅಂತ ಯಾರನ್ನ ಕೇಳಲಿ?” ಯಾವುದಾದರೊಂದು ದಿನ ಮುಂಜಾನೆ ಮೈದಾನ ಖಾಲಿ ಇರುವಾಗ, ಕಿಟಕಿಯಲ್ಲೇ ಕೂತು, ಯಾರಿಗೂ ಕೈ ಕಾಣದ ಹಾಗೆ ಒಂದು ಸುತ್ತು ಹಾರಿಸಬೇಕೆಂದಿದ್ದರಂತೆ. ಅಷ್ಟು ದೂರದಿಂದ ಚಿತ್ರ ಬರಲೆಂದು ಆ ಟ್ರಾನ್ಸ್‌ಮಿಟರ್.

4 ಗಂಟೆ 10 ನಿಮಿಷಕ್ಕೆ ಅವರನ್ನು ದಸ್ತಗಿರಿ ಮಾಡಲಾಯಿತು. ಮಿತಿ ಮೀರಿದ ಟ್ರಾನ್ಸ್‌ಮಿಟರ್ ಬಳಕೆ, ನಿರ್ಲಕ್ಷ್ಯದಿಂದ ಗಾಯ, ಪೊಲೀಸರಿಗೆ ಸುಳ್ಳು ಮಾಹಿತಿ. ಜಾಮೀನು ಸಿಗುವಂಥ ಅಪರಾಧಗಳೇ. ಬಸ್ಸಕ್ಕನ ತಪ್ಪಿಲ್ಲವೆಂಬ ಪತ್ರವನ್ನು ಇನ್‌ಸ್ಪೆಕ್ಟರ್ ತಾವೇ ಬರೆದು, ಶುಕ್ರವಾರದವರೆಗೆ ಕಾಯದೆ ಆಗಲೇ ಶಾಲೆಗೆ ಕಳಿಸಿದರು.

ಅದರ ಪ್ರತಿ ಒಯ್ಯಲು ಬಸ್ಸಕ್ಕ ಬಂದಾಗ 5 ಗಂಟೆ. ಬೆಂಚಿನ ಮೇಲೆ ಮೇಷ್ಟ್ರು ತಲೆ ತಗ್ಗಿಸಿ ಕೂತಿದ್ದರು. ಆಕೆಗೆ ವಿಷಯ ಗೊತ್ತಾಗಿತ್ತು.

“ನಾಲ್ಕು ದಿನ ಊಟ ಸೇರಿಲ್ಲ ನನಗೆ” ಎಂದರು ಬಸ್ಸಕ್ಕ. “ನಾನೇ ಎಲ್ಲೋ ತಪ್ಪಿದೆ ಅಂದ್ಕೊಂಡೆ. ನೀವು ಕಲಿಸಿದ್ದನ್ನೇ ಮರೆತೆ ಅಂದ್ಕೊಂಡೆ.”

“ತಪ್ಪಾಯ್ತಮ್ಮ.”

“ಆಯ್ತು. ಸರಿಯಾಗೇ ಆಯ್ತು.” ಸಿಟ್ಟು ಇಳಿದಿರಲಿಲ್ಲ. ಆಗ ಅವರ ಕಣ್ಣು ಮೇಷ್ಟ್ರ ತೊಡೆಯ ಮೇಲೆ ನಡುಗುತ್ತಿದ್ದ ಕೈಯ ಮೇಲೆ ಬಿತ್ತು. ಸಂಕಟವಾಯಿತು. ನಾಲ್ಕು ವರ್ಷದ ಹಿಂದೆ ಆ ಕೈ ಜೋಡಿ ರಿಮೋಟ್ ಹಿಡಿದು ಪಕ್ಕದಲ್ಲಿದೆ ಎಂಬ ಧೈರ್ಯದಲ್ಲೇ ಅವರು ಮೊದಲ ಸಲ ಹಾರಿಸಿದ್ದರು.

ಹೆಡ್ ಕಾನ್‌ಸ್ಟೇಬಲ್ ಅಷ್ಟರಲ್ಲಿ ಸ್ಟೂಲು ಹತ್ತಿ ಗಡಿಯಾರವನ್ನು ಮೊಳೆಗೆ ನೇತುಹಾಕಿದರು. ಪ್ರಿಂಟು ಇದ್ದುದರಿಂದ, ಶೋಧದ ಪಂಚನಾಮೆಯಲ್ಲಿ ದಾಖಲಾಗಿದ್ದ ಅದನ್ನು ಠಾಣೆಯಲ್ಲೇ ಇಟ್ಟುಕೊಳ್ಳಲು ಮೇಡಂ ಒಪ್ಪಿದ್ದರು. ಸಮಯ ಸರಿಯಾಗಿ ತೋರಿಸುತ್ತಿತ್ತು.

ಬಾಗಿಲವರೆಗೆ ಹೋದ ಬಸ್ಸಕ್ಕ ನಿಂತು ಹಿಂತಿರುಗಿದರು.

“ಮೊದಲು ಕೇಸ್ ಮುಗಿಸ್ಕೊಂಡು ಬನ್ನಿ ಮೇಷ್ಟ್ರೇ. ನರ್ಸರಿಯವರ ಚಾವಣಿ ಹಾಕಿಸಿಕೊಡಿ. ಮೈದಾನದ ಅನುಮತಿಗೆ ನಾವೆಲ್ಲ ಹೋಗಿ ಕೇಳ್ತೀವಿ, ನಡೆದದ್ದೆಲ್ಲ ಇದ್ದದ್ದು ಇದ್ದ ಹಾಗೇ ಹೇಳ್ತೀವಿ. ಆಮೇಲೆ ಹಾರಿಸೋಣ. ಆ ಜೋಡಿ ಕೇಬಲ್ ಇನ್ನೂ ನನ್ನ ಹತ್ರಾನೇ ಇದೆ. ಪಕ್ಕದಲ್ಲಿ ನಾನು ನಿಲ್ತೀನಿ.”

ಮೇಷ್ಟ್ರು ಈ ಸಲ ಕೈಯನ್ನು ಜೇಬಿಗೆ ಹಾಕಲಿಲ್ಲ.