ಕೆರೆಯ ಹನ್ನೆರಡು ಸೀಸೆಗಳು

ಆ ಕೆರೆಯ ನಾತ ನೆನೆದರೆ ಈಗಲೂ ನನಗೆ ತುತ್ತು ಇಳಿಯುವುದಿಲ್ಲ. ಅತ್ತಿಗೆಗೆ ಅಂಥದ್ದೇನಿಲ್ಲ. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಹುಣ್ಣು ತೊಳೆದು ನಿವೃತ್ತರಾದವರು. ಊರವರ ಕಪಟ ಬಯಲಿಗೆಳೆಯುವುದೇ ಈಗ ಅವರ ಕಸುಬು, ಅವರ ಚೀಲ ಹೊರುವುದು ನನ್ನ ಹಣೆಬರಹ.

ಅವತ್ತು ಬೆಳಿಗ್ಗೆ ಕೆರೆ ಪ್ರಯೋಗಾಲಯದ ಹುಡುಗಿ ಅಳುತ್ತಾ ಬಂದಳು. ಕೆರೆಯಿಂದ ಏಳುವ ಮೀಥೇನ್ ಅಳೆಯುವುದು ಅವಳ ಕೆಲಸ.

“ಸಿಸ್ಟರ್, ನಿನ್ನೆ ಹನ್ನೆರಡು ಸೀಸೆ ಅನಿಲ ಹಿಡಿದಿಟ್ಟಿದ್ದೆ. ಇವತ್ತು ಬಿರಡೆಗೆ ಸೂಜಿ ಚುಚ್ಚಿ ಎಳೆದು ಯಂತ್ರಕ್ಕೆ ಹಾಕಿದ್ರೆ ಬರೀ ಗಾಳಿ! ಇಷ್ಟು ದಿನ ಸುಳ್ಳು ಅಳತೆ ಬರೆದೆ ಅಂತಿದ್ದಾರೆ ನಿರ್ದೇಶಕರು. ಮಧ್ಯಾಹ್ನ ವಿಚಾರಣಾ ಸಮಿತಿ ಬರತ್ತೆ, ನನ್ನ ಕೆಲಸ ಹೋಗತ್ತೆ.”

“ಹೇಗೆ ಹಿಡೀತೀಯಮ್ಮ ಅದನ್ನ?”

“ನೀರೊಳಗೆ ಆಲಿಕೆ ಬೋರಲು ಹಾಕಿ, ಮೇಲೆ ಕೆರೆ ನೀರು ತುಂಬಿದ ಸೀಸೆ ಕವುಚಿ ಇಡ್ತೀವಿ. ಗುಳ್ಳೆ ಬಂದು ತುಂಬತ್ತೆ. ನೀರೊಳಗೇ ಬಿರಡೆ ಹಾಕಿ ತಲೆಕೆಳಗಾಗಿ ನಿಲ್ಲಿಸ್ತೀವಿ. ಕುತ್ತಿಗೇಲಿ ಒಂದು ಚಮಚ ಕೆರೆ ನೀರು ಉಳಿದ್ರೆ ಅನಿಲ ಸೋರಲ್ಲ.”

“ಸೀಸೆ ಇಡೋ ಕೋಣೆ ಕೀಲಿ ಯಾರ ಹತ್ರ ಇರತ್ತೆ?”

“ನಾನು, ನಿರ್ದೇಶಕರು, ದೋಣಿಯವನು. ದೋಣಿಯವನ ಜೊತೆ ಮೊನ್ನೆ ಜಗಳ ಆಡಿದ್ದೆ.”

ಹೋದೆವು. ದೇವರೇ! ಹಸಿರು ನೊರೆ, ಹೊಟ್ಟೆ ಉಬ್ಬಿದ ಮೀನು, ಬುಳು ಬುಳು ಗುಳ್ಳೆ ಬಿಡುವ ಕಪ್ಪು ಕೆಸರು. ದಡದಲ್ಲಿ ದೋಣಿಯವನು ಮೊಣಕೈವರೆಗೆ ಕೆಸರು ಮೆತ್ತಿಕೊಂಡು, ಅದೇ ಕೈಯಲ್ಲಿ ಬನ್ನು ತಿನ್ನುತ್ತಿದ್ದ. ನಾನು ಕರವಸ್ತ್ರ ಮೂಗಿಗೆ ಒತ್ತಿಕೊಂಡೆ. ನಿರ್ದೇಶಕರು ಮಾತ್ರ ಕಿಟಕಿ ಮುಚ್ಚಿ, ಅತ್ತರು ಪೂಸಿಕೊಂಡು, ತಮ್ಮ ಕೋಣೆಯ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದರು. ಇಡೀ ಕಟ್ಟಡಕ್ಕೆ ಅದೊಂದೇ ನಲ್ಲಿ.

ಅತ್ತಿಗೆ ಸೀಸೆಗಳ ಬಿರಡೆ ತೆಗೆದು ಒಂದೊಂದನ್ನೇ ಮೂಸಿದರು. “ನೀನೂ ಮೂಸಪ್ಪ.”

“ಅಯ್ಯೋ, ನನ್ನಿಂದಾಗಲ್ಲ ಅತ್ತಿಗೆ!”

ಬಿಡಲಿಲ್ಲ. ಕಣ್ಣು ಮುಚ್ಚಿ ಮೂಸಿದೆ. ಏನೂ ನಾರಲಿಲ್ಲ. ಸದ್ಯ, ಬದುಕಿದೆ ಅಂದುಕೊಂಡೆ.

ಮಧ್ಯಾಹ್ನ ಸಮಿತಿಯ ಮೂವರ ಎದುರು ಎಲ್ಲರೂ ಸೇರಿದೆವು. ಅತ್ತಿಗೆ ಸೀಸೆ ಮೂಸಿದ್ದು ಕೇಳಿ ನಿರ್ದೇಶಕರು ನಕ್ಕರು. “ಮೀಥೇನ್‌ಗೆ ವಾಸನೆಯೇ ಇಲ್ಲ ಕಣ್ರೀ!”

“ಗೊತ್ತು ಸಾರ್. ನಾನು ಮೂಸಿದ್ದು ಕುತ್ತಿಗೇಲಿದ್ದ ನೀರನ್ನ. ಹನ್ನೆರಡರಲ್ಲೂ ನಾತ ಇಲ್ಲ. ಯಾರೋ ಅನಿಲ ಬಿಟ್ಟು, ಸೀಸೆ ತೊಳೆದು, ನಲ್ಲಿ ನೀರು ಹಾಕಿದ್ದಾರೆ. ಈ ಹುಡುಗಿಯಾಗಲಿ ದೋಣಿಯವನಾಗಲಿ ದಿನಾ ಕೆರೆಯಲ್ಲೇ ಕೈ ಇಡೋರು. ಕೆರೆ ಬಾಗಿಲಿಂದ ಹತ್ತು ಹೆಜ್ಜೆ. ಅದನ್ನ ಬಿಟ್ಟು ನಿಮ್ಮ ಕೋಣೆಯ ನಲ್ಲಿಗೆ ಯಾಕೆ ಬರ್ತಾರೆ? ಕೆರೆ ನೀರು ಮುಟ್ಟೋಕೆ ಹೇಸೋರು ಇಲ್ಲಿ ಒಬ್ಬರೇ.”

“ನಾನ್ಯಾಕೆ ಮಾಡ್ಲಿ?”

“ಕೆರೆ ಶುದ್ಧವಾಯ್ತು ಅಂತ ಪತ್ರಿಕೆಗೆ ಹೇಳಿದ್ದು ನೀವು. ಹೇಳಮ್ಮ, ನಿನ್ನ ಅಳತೆ ಏನನ್ನತ್ತೆ?”

ಹುಡುಗಿ ಕಣ್ಣೊರೆಸಿಕೊಂಡಳು. “ಕೊಳಚೆ ಇನ್ನೂ ಸೇರ್ತಾನೇ ಇದೆ ಅನ್ನತ್ತೆ. ಅದು ತಳದಲ್ಲಿ ಕೊಳೆತು ಮೀಥೇನ್ ಆಗತ್ತೆ. ಮೇಲಿನ ನೀರಲ್ಲಿ ಆಮ್ಲಜನಕ ಇದ್ರೆ ಅಲ್ಲಿನ ಜೀವಾಣುಗಳು ಒಂದಿಷ್ಟು ತಿಂದ್ಹಾಕ್ತವೆ. ಇಲ್ಲಿ ಅದೂ ಇಲ್ಲ, ಎಲ್ಲಾ ಸೀದಾ ಗಾಳಿಗೆ. ಭೂಮಿ ಕಾಯಿಸೋದ್ರಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಜೋರು ಇದು.”

“ಸಾಕ್ಷಿ?” ನಿರ್ದೇಶಕರು ಗುಡುಗಿದರು.

“ಹೊರಗಿದೆ,” ಎಂದರು ಅತ್ತಿಗೆ. “ಶುದ್ಧ ಕೆರೆ ತಾನೇ, ನೀವೇ ಒಂದು ಸೀಸೆ ತುಂಬಿ ಕೊಡಿ.”

ಎಲ್ಲರೂ ದಡಕ್ಕೆ ಬಂದೆವು. ನಿರ್ದೇಶಕರು ತೋಳು ಮಡಚಿ ಬಗ್ಗಿದರು. ಕೈ ನೀರಿನಿಂದ ಗೇಣು ಮೇಲೆ ನಿಂತುಬಿಟ್ಟಿತು. ಎಷ್ಟು ಹೊತ್ತಾದರೂ ಇಳಿಯಲಿಲ್ಲ. “ಥೂ, ನನ್ನಿಂದಾಗಲ್ಲ” ಎಂದು ಎದ್ದವರು ಸಮಿತಿಯವರ ಮುಖ ನೋಡಿ ಹಿಂದೆ ಸರಿದರು.

ಹುಡುಗಿ ಭುಜದವರೆಗೆ ಕೈ ಇಳಿಸಿದಳು. ದೋಣಿಯವನು ಗಳುವಿನಿಂದ ಕೆಸರು ತಿವಿದ. ಸೀಸೆ ತುಂಬಿತು. ಅತ್ತಿಗೆ ಬಿರಡೆ ತೆಗೆದು ಕಡ್ಡಿ ಗೀರಿದರು. ಸೀಸೆಯ ಬಾಯಲ್ಲಿ ಮಬ್ಬು ನೀಲಿ ಜ್ವಾಲೆ ಭಗ್ಗೆಂದಿತು.

ಸಮಿತಿಯ ಹಿರಿಯರು ಅಳತೆ ಪುಸ್ತಕವನ್ನು ಹುಡುಗಿಗೆ ವಾಪಸು ಕೊಟ್ಟರು. “ನಾಳೆಯೂ ಬರೀಬೇಕಮ್ಮ ನೀನು.”

ನಿರ್ದೇಶಕರು ನನ್ನ ಬಳಿ ಬಂದು, “ನಿಮ್ಮ ಅತ್ತಿಗೆಗೆ ಸ್ವಲ್ಪ ಹೇಳಿ ಸಾರ್” ಎಂದು ಘಮಘಮಿಸುವ ಕೈ ಚಾಚಿದರು. ಹೇಸಿಗೆಯಾಯಿತು. ಮುಖ ತಿರುಗಿಸಿದೆ. ಆ ಕಡೆಯಿಂದ ಹುಡುಗಿ, ಖುಷಿಯಲ್ಲಿ ಮೈಮರೆತು, ಕೆಸರು ಸುರಿಯುವ ಕೈ ಚಾಚಿದಳು. ಕರವಸ್ತ್ರ ಜೇಬಿಗಿಟ್ಟು ಆ ಕೈ ಹಿಡಿದು ಕುಲುಕಿದೆ.

ಅಂಗೈ ಮೂರು ದಿನ ನಾರಿತು.