ಗ್ರಹಣದ ಎಡೆ

"ಆ ಎಡೆ ಮುಟ್ಟಬೇಡಿ ಮೇಷ್ಟ್ರೇ. ನಿಮ್ಮ ಕಾಲಿಗೆ ಬೀಳ್ತೀನಿ."

ಅಭಿರಾಮನಿಗೆ ನಗು ಬಂತು. ಬಯಲುಸೀಮೆಯಿಂದ ಜಾವಳಿಯ ಶಾಲೆಗೆ ವಿಜ್ಞಾನ ಕಲಿಸಲು ಬಂದು ಅವನಿಗೆ ಮೂರು ತಿಂಗಳಾಗಿತ್ತು. ದೀಪಾವಳಿಯ ಮರುದಿನ ಸಂಜೆ, ಸೂರ್ಯಗ್ರಹಣವೆಂದು, ಊರಿಗೆ ಊರೇ ಒಲೆ ಆರಿಸಿ ಬಾಗಿಲು ಹಾಕಿಕೊಂಡಿತ್ತು. ಶಾಲೆಯ ಬಿಸಿಯೂಟ ಬೇಯಿಸುವ ಶಂಕರಮ್ಮ ಮಾತ್ರ ಅಕ್ಕಿರೊಟ್ಟಿ ಸುಟ್ಟು, ಬಾಳೆಲೆಯಲ್ಲಿ ಹಿಡಿದುಕೊಂಡು ಕಾಫಿತೋಟದ ಹಲಸಿನ ಬುಡದ ದೆವ್ವಕ್ಕೆ ಎಡೆಯಿಡಲು ಹೊರಟಿದ್ದಳು.

"ಗ್ರಹಣದಲ್ಲಿ ಅಡುಗೆ ಮಾಡಿದೀರಿ, ಶಭಾಷ್! ತಿನ್ನೋಕೆ ಮಾತ್ರ ದೆವ್ವ ಬೇಕಾ?"

ಶಂಕರಮ್ಮ ಸಿಟ್ಟಾಗಲಿಲ್ಲ. ಸಿಟ್ಟಿಗೂ ಕಸುವು ಬೇಕಲ್ಲ.

"ಆವತ್ತೂ ಇದೇ ಗ್ರಹಣ. ನಂಗೆ ಆರು ವರ್ಷ. ಐವತ್ನಾಲ್ಕು ವರ್ಷದ ಮೇಲೆ ಒಂದು ತಿಂಗಳಾಯ್ತು. ಗಿರಿಜೆ ಅಂತ ಹಸಿ ಬಾಣಂತಿ, ತೋಟದ ಆಳು, ಒಂದು ತುತ್ತು ಅನ್ನ ಕೇಳಿದ್ಳು. ಗ್ರಹಣ ಬಿಡ್ಲಿ ಅಂದ್ಳು ನಮ್ಮವ್ವ. ಒಳಗೆ ಅನ್ನ ಇತ್ತು. ಮೇಲೆ ದರ್ಭೆ ಇಟ್ಟಿತ್ತು. ಗಿರಿಜೆ ಹಲಸಿನ ಬುಡದ ಮಣ್ಣು ಜಗಿದು ನಮ್ಮ ಹೊಸ್ತಿಲಿಗೆ ಉಗಿದ್ಳು. ‘ಈ ಗ್ರಹಣ ಈ ಬೆಟ್ಟಕ್ಕೆ ತಿರುಗಿ ಬರೋ ತನಕ ನಿಮ್ಮನೆ ಮೊದಲ ತುತ್ತು ನಂದು’ ಅಂದ್ಳು. ಗ್ರಹಣ ಬಿಡೋ ಹೊತ್ತಿಗೆ ಸತ್ತಿದ್ಳು. ಅವತ್ತಿಂದ ನಮ್ಮನೇಲಿ ಇಡೀ ರೊಟ್ಟಿ ಕಂಡೋರಿಲ್ಲ ಮಾರಾಯ್ರೇ. ಇದನ್ನು ಅವಳು ಉಂಡರೆ ಋಣ ಹರೀತು. ಬೇರೆ ಯಾರಾದ್ರೂ ಉಂಡರೆ ಅವರ ಬೆನ್ನಿಗೆ ಬೀಳ್ತಾಳೆ."

ಅಭಿರಾಮ ಒಂದು ಗಳಿಗೆ ಬೆರಗಾದ. ಒಂದು ಗ್ರಹಣ ಮರಳಲು ಹದಿನೆಂಟು ವರ್ಷ, ಹನ್ನೊಂದು ದಿನ, ಎಂಟು ಗಂಟೆ. ಆ ಎಂಟು ಗಂಟೆಯಲ್ಲಿ ಭೂಮಿ ಹೊರಳಿರುವುದರಿಂದ ಅದು ಬೇರೆ ದೇಶದ ಪಾಲು. ಮೂರು ಸುತ್ತಾದ ಮೇಲೆ ಮತ್ತೆ ಈ ಕಡೆಗೆ. ಪುಸ್ತಕ ಮುಟ್ಟದ ಹೆಂಗಸು ತಿಂಗಳೂ ತಪ್ಪದೆ ಎಣಿಸಿದ್ದಳು.

"ಲೆಕ್ಕ ಸರಿ ಇದೆ ಶಂಕರಮ್ಮ. ದೆವ್ವ ತಪ್ಪು."

ಅವಳು ಎಡೆಯಿಟ್ಟು, ಹಿಂದೆ ನೋಡದೆ ಹೋದಳು. ನೋಡಬಾರದಂತೆ.

ಹೊತ್ತು ಇಳಿದಿತ್ತು. ಎಲೆಗಳ ಸಂದಿಯಿಂದ ತೂರಿದ ಬಿಸಿಲು ಹಲಸಿನ ಕಾಂಡದ ಮೇಲೆ ದುಂಡುದುಂಡಾಗಿ ಬಿದ್ದಿತ್ತು. ಪ್ರತಿ ದುಂಡಿನ ಅಂಚೂ ಒಂದೇ ಕಡೆ ಹರಿದಿತ್ತು, ಯಾರೋ ಕಚ್ಚಿದ ರೊಟ್ಟಿಯ ಹಾಗೆ. ಅವನು ರೊಟ್ಟಿ ಮುರಿದು ಬಾಯಿಗಿಟ್ಟ. ಬಿಸಿಯಿತ್ತು. ರುಚಿಯಾಗಿತ್ತು. ಪೂರ್ತಿ ತಿಂದ.

ಜೀರುಂಡೆಗಳ ಸದ್ದು ನಿಂತಿತು. ಹುಳಿತ ಎದೆಹಾಲಿನ ವಾಸನೆ ಬಂತು. ಹಲ್ಲಿನಡಿ ಮಣ್ಣು ಕರಕರ ಎಂದಿತು. ಉಗಿದ. ಮತ್ತೆ ಮಣ್ಣು. ಬೆನ್ನ ಹಿಂದೆ ಯಾರೋ ಜಗಿಯುತ್ತಿದ್ದರು. ನಿಧಾನ. ತೀರಾ ನಿಧಾನ. ತಿರುಗಿದ. ಯಾರೂ ಇಲ್ಲ. ಓಡಿದ. ಜಗಿಯುವ ಸದ್ದೂ ಓಡಿತು.

ಬೆಳಿಗ್ಗೆ ಅವನು ಚಪಾತಿ ಸುಟ್ಟ. ನೀರಿಗೆಂದು ತಿರುಗಿ ಬರುವಷ್ಟರಲ್ಲಿ ಅಂಚು ಹೋಗಿತ್ತು. ಸಣ್ಣ ಹಲ್ಲಿನ ಗುರುತು, ಅದರಲ್ಲಿ ಮಣ್ಣು. ಎರಡನೆಯದೂ ಹಾಗೇ. ಮೂರನೆಯದನ್ನು ಎರಡೂ ಕೈಯಲ್ಲಿ ಹಿಡಿದೇ ಕೂತ. ಕಣ್ಣೆದುರೇ ಅಂಚು ಹೋಯಿತು.

ಅವನು ಶಂಕರಮ್ಮನ ಮನೆಗೆ ಹೋದಾಗ ಅವಳ ಮುಂದೆ ದುಂಡನೆಯ ಇಡೀ ರೊಟ್ಟಿಯಿತ್ತು. ಅವಳು ಅದನ್ನು ಮುರಿಯಲಾರದೆ ಸುಮ್ಮನೆ ನೋಡುತ್ತಿದ್ದಳು. ಬಾಗಿಲಲ್ಲಿ ನಿಂತವನ ಮುಖ ಕಂಡದ್ದೇ ಎಲ್ಲ ತಿಳಿಯಿತು.

"ತಿಂದ್ರಾ? ಅಯ್ಯೋ ಮಗನೇ." ಅವಳು ಮಣೆ ಸರಿಸಿದಳು. "ಕೂತ್ಕೊಳ್ಳಿ. ಐವತ್ನಾಲ್ಕು ವರ್ಷ ಅಲ್ವಾ? ನಾನು ಕಳೆದೆ. ನೀವೂ ಕಳೀತೀರಿ."

ಅಭಿರಾಮ ಇಲ್ಲವೆಂದು ತಲೆಯಾಡಿಸಿದ. ರಾತ್ರಿಯಿಡೀ ಲೆಕ್ಕ ಹಾಕಿದ್ದ.

"ಸುತ್ತು ಸುತ್ತಿಗೂ ಈ ಗ್ರಹಣ ಉತ್ತರಕ್ಕೆ ಸರೀತದೆ ಶಂಕರಮ್ಮ. ಈ ಸಲ ಅಂಚಷ್ಟೇ ತಾಗಿತ್ತು. ಮುಂದಿನ ಸಲ ಈ ಬೆಟ್ಟಕ್ಕೆ ಮುಟ್ಟೋದೇ ಇಲ್ಲ."

ಅವಳು ಎದ್ದು ಅಕ್ಕಿಡಬ್ಬ ತೆರೆದಳು.

"ಮೊದಮೊದಲು ಹೆದರಿಕೆ ಆಗ್ತದೆ," ಎಂದಳು. "ಆಮೇಲೆ ಒಂದು ಹಿಡಿ ಜಾಸ್ತಿ ಹಾಕೋದು ರೂಢಿ ಆಗ್ತದೆ. ಬನ್ನಿ, ನೋಡ್ಕೊಳ್ಳಿ. ಇಷ್ಟು."