ಸಿಗಡಿ ಪೊರೆ ಬಿಟ್ಟ ಭಾನುವಾರ

ಲುಂಬಿನಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಅಷ್ಟರಲ್ಲಿ ಪಡಸಾಲೆಯಿಂದ ಮಗಳು ಮೈತ್ರಿಯ ದನಿ ಕೇಳಿತು.

“ಅವ್ವಾ, ಇನ್ನೊಂದು ಝಿಂಗಾ ಸತ್ತದ.”

ಹಿಟ್ಟಿನ ಕೈಯಲ್ಲೇ ಓಡಿದಳು. ಮಗಳ ಹುಟ್ಟುಹಬ್ಬಕ್ಕೆಂದು, ಗಾಜಿನ ತೊಟ್ಟಿಯಲ್ಲಿ ಸಾಕಲು ಹೈದರಾಬಾದಿನಿಂದ ತಂದ ಹತ್ತು ಕೆಂಪು ಸಿಗಡಿಗಳಲ್ಲಿ ಇದು ಮೂರನೆಯದು. ಕುತ್ತಿಗೆಯ ಸುತ್ತ ಬಿಳಿ ಉಂಗುರದಂತೆ ಚಿಪ್ಪು ಬಿರಿದಿತ್ತು. ಪಾಪ, ಅದರಿಂದ ಹೊರಬರಲಾಗದೆ ನಡುವೆಯೇ ಸಿಕ್ಕಿಕೊಂಡು ಸತ್ತಿತ್ತು.

ಒಲೆಯ ಮೇಲೆ ರೊಟ್ಟಿ ಕರಕಾಯಿತು. ಅಪ್ಪ ತೀರಿಕೊಂಡ ಈ ನಾಲ್ಕು ವರ್ಷಗಳಲ್ಲಿ ಮೈತ್ರಿ ಬಾಯಿಬಿಟ್ಟು ಕೇಳಿದ್ದು ಈ ಸಿಗಡಿಗಳನ್ನಷ್ಟೇ.

“ಫ್ಯಾಕ್ಟರಿ ಲ್ಯಾಬಿನ್ಯಾಗ ನೀರು ತಪಾಸ್ ಮಾಡ್ತಾನಲ್ಲ, ಆ ಪ್ರಬುದ್ಧನ್ನ ಕೇಳಬಾರದೇನು?” ಎಂದಳು ಬಾಜು ಮನೆಯ ಚಂದಮ್ಮ. ಹೇಳಿದ್ದಷ್ಟೇ ಅಲ್ಲ, ತಾನೇ ಹೋಗಿ ಕರೆತಂದಳು.

ಅವನು ಚಪ್ಪಲಿ ಹೊರಗೆ ಬಿಟ್ಟು, ಗಾಜಿನ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತ.

“ಯಾವ ನೀರು ಹಾಕ್ತೀರಿ, ಟೀಚರ್?”

“ಕುಡಿಯೋ ಫಿಲ್ಟರ್ ನೀರಿನ ಕ್ಯಾನಿಂದು. ನಮ್ಮ ವಾಡಿ ಊರ ಬೋರಿನ ನೀರು ಹಾಕಲೇನ್ರಿ? ಕೊಡದಾಗ ಬಟ್ಟಿನಷ್ಟು ದಪ್ಪ ಸುಣ್ಣ ಕುಂದರ್ತದ. ವಾರಕ್ಕೊಮ್ಮೆ ಹಳೇದೆಲ್ಲ ಚೆಲ್ಲಿ, ಪೂರಾ ಹೊಸಾದು ಹಾಕ್ತೀನಿ.”

ಅವನ ಕಣ್ಣಲ್ಲಿ ನಗು ಮಿಂಚಿತು. “ಅವಕ್ಕ ಆ ಸುಣ್ಣಾನೇ ಬೇಕ್ರಿ. ಅದಿಲ್ದೆ ಚಿಪ್ಪು ಹ್ಯಾಂಗ ಕಟ್ಕೋಬೇಕು? ಒಮ್ಮೆಲೇ ನೀರು ಬದಲಾದ್ರ ಗಾಬರ್ಯಾಗಿ, ತಯಾರಿಲ್ದೇ ಪೊರೆ ಬಿಡಲಿಕ್ಕ ಹೋಗ್ತಾವ.”

“ಅಂದ್ರ ನಾನೇ ಸಾಯಿಸಿದೆ ಅನ್ರಿ.”

“ಈ ಊರಾಗ ಯಾರಿದ್ರೂ ಹಂಗೇ ಮಾಡ್ತಿದ್ರು. ಇಲ್ಲಿ ಸುಣ್ಣ ಅಂದ್ರ ಎಲ್ಲರಿಗೂ ಸಿಟ್ಟು.”

ಅಂಗಳದಲ್ಲಿ ಬಿದ್ದಿದ್ದ ಶಹಾಬಾದ್ ಪರಸಿ ಸುಣ್ಣಗಲ್ಲಿನ ಚೂರೊಂದನ್ನು ತೊಳೆದು ತೊಟ್ಟಿಯೊಳಗಿಟ್ಟ. ವಾರಕ್ಕೊಂದೇ ತಂಬಿಗೆ ಬೋರಿನ ನೀರು ಹಾಕಬೇಕೆಂದು ಹೇಳಿ, ಪ್ರತಿ ಭಾನುವಾರ ತಪಾಸಣೆಗೆ ತಾನೇ ಬರುತ್ತೇನೆ ಎಂದ.

ಭಾನುವಾರಗಳು ಬಂದವು. ಸಣ್ಣ ಗಾಜಿನ ಶೀಶೆಯಲ್ಲಿ ಹಿಡಿದ ತೊಟ್ಟಿಯ ನೀರು, ಅವನು ತಂದ ಪುಡಿ ಬಿದ್ದೊಡನೆ ಕೆಂಪಗಾಗುತ್ತಿತ್ತು. ಸುಣ್ಣ ಎಷ್ಟಿದೆಯೆಂದು ತಿಳಿಯಲು ಅವನು ಬಾಟಲಿಯಿಂದ ಔಷಧಿ ಹನಿಗಳನ್ನು ಎಣಿಸುತ್ತ ಹಾಕುತ್ತಿದ್ದ. ನೀರು ನೀಲಿಗೆ ತಿರುಗಿದೊಡನೆ ತಲೆಯೆತ್ತಿದರೆ, ಎದುರಿಗೆ ಲುಂಬಿನಿಯ ಕಣ್ಣು.

“ಎಷ್ಟಾತ್ರಿ?”

“ಹದಿಮೂರು. ಅಲ್ಲ, ಹದಿನಾಲ್ಕು.”

“ಎಂಥ ಕೆಮಿಸ್ಟ್‌ರಿ ನೀವು?”

“ಹಿಂಗ ನೋಡಕೋತ ಕುಂತ್ರ ಲೆಕ್ಕ ಎಲ್ಲಿ ನಿಲ್ತದ್ರಿ?”

ಅವಳು ಚಹಾದ ನೆಪದಲ್ಲಿ ಒಳಗೆದ್ದು ಹೋಗುತ್ತಿದ್ದಳು. ಮೈತ್ರಿ ಇಬ್ಬರನ್ನೂ ನೋಡಿ, ಏನೋ ಕೇಳಲು ಬಾಯಿ ತೆರೆದು ಮುಚ್ಚಿಕೊಳ್ಳುತ್ತಿದ್ದಳು.

ಏಳನೆಯ ಭಾನುವಾರ ಒಂದು ಸಿಗಡಿ ಬೆನ್ನು ಬಾಗಿಸಿ ನಿಂತಿತು. ಮೂವರೂ ಗಾಜಿನ ಹತ್ತಿರಕ್ಕೆ ಬಾಗಿದರು. ಚಟ್ಟನೆ ಒಂದು ಜಿಗಿತ, ಅಷ್ಟೇ. ಗಾಜಿನಂಥ ಖಾಲಿ ಚಿಪ್ಪು ನೀರಲ್ಲಿ ತೇಲಿತು. ಮೈ ಮೆತ್ತಗಾದ ಸಿಗಡಿ ಪರಸಿಯ ಸಂದಿಗೆ ಸರಿಯಿತು.

“ಚಿಪ್ಪು ತೆಗೀಬ್ಯಾಡ, ಮೈತ್ರಿ. ಅದನ್ನ ಅವೇ ತಿಂತಾವ.” ಪ್ರಬುದ್ಧ ಔಷಧಿ ಬಾಟಲಿಯ ಮುಚ್ಚಳ ತಿರುಗಿಸಿ ಬಿಗಿದ. ಆಮೇಲೆ ಹೇಳಿದ: “ಇನ್ನ ತಪಾಸ್ ಬೇಕಾಗಿಲ್ರಿ, ಟೀಚರ್. ಖರೇ ಹೇಳಬೇಕಂದ್ರ ಮೂರು ವಾರದಿಂದ ನೀರು ಸರೀನೇ ಅದ. ನಾ ಸುಮ್ಮ ಬರಲಿಕತ್ತಿದ್ದೆ.”

“ಗೊತ್ತಿತ್ರಿ,” ಎಂದಳು ಅವಳು, ಸೆರಗಿನ ಅಂಚು ಸುತ್ತುತ್ತ. “ಎಷ್ಟು ಹನಿ ಇದ್ರ ಚಲೋ ಅಂತ ಬಾಟಲಿ ಮ್ಯಾಗೇ ಬರದದ.”

“ಮತ್ತ ಹೇಳಲಿಲ್ಲ?”

“ಹೇಳಿದ್ರ ನೀವು ಬರ್ತಿದ್ದಿಲ್ಲಲ್ಲ.”

ಅವನು ಅವಳತ್ತ ನೋಡಿದ. ಅವಳು ನೋಟ ತಪ್ಪಿಸಲಿಲ್ಲ. “ನಂದೇನೂ ಅಡ್ಡಿ ಇಲ್ರಿ,” ಎಂದಳು ಮೆಲ್ಲಗೆ. “ಆದ್ರ ಮನಿ ನನ್ನೊಬ್ಬಾಕಿದಲ್ಲ. ಮೈತ್ರಿ ಮನಸಿನ್ಯಾಗ ಏನದನೋ, ಕೇಳಲಿಕ್ಕ ನನಗ ಧೈರ್ಯ ಬರವಲ್ದು.”

ತೊಟ್ಟಿಗೆ ಮೂಗು ಒತ್ತಿ ಕೂತಿದ್ದ ಮೈತ್ರಿ ಎದ್ದು ಬಂದು ಅವನ ಮುಂದೆ ನಿಂತಳು.

“ಅಂಕಲ್, ನೀವು ದಿನಾ ನಮ್ಮನ್ಯಾಗೇ ಇರಲಿಕ್ಕ ಬರಲ್ಲೇನ್ರಿ?”